ಆದೆಪ್ಪನ ಹುಂಜ

ಆದೆಪ್ಪ ತೀರಿಕೊಂಡ ಸುದ್ದಿ ಮುಕ್ಕುಂದಕ್ಕೆ ಮುಟ್ಟಿದಾಗ ವೆಂಕೋಬ ನೆಲ್ಲಿನ ಗದ್ದೆಗೆ ನೀರು ಕಟ್ಟುತ್ತಿದ್ದ. ಬದುವಿನ ಮೇಲಿಟ್ಟ ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಮೂರನೆಯ ಸಲಕ್ಕೆ ಕೆಸರುಗೈಯಲ್ಲೇ ಎತ್ತಿದ. ತಂಗಿಯ ಮಗಳು ಭಾರತಿ.

"ಮಾವ, ಅಪ್ಪ ಹೋದ."

"ಸುಳ್ಳು ಹೇಳಬ್ಯಾಡ" ಎಂದುಬಿಟ್ಟ. ಆದೆಪ್ಪನಿಗೆ ಅವನು ಜನ್ಮವಿಡೀ ಹೇಳಿದ್ದು ಅದೊಂದೇ ಮಾತು.

ಆದೆಪ್ಪ ಪಾಮನಕಲ್ಲೂರಿನವನು, ವೆಂಕೋಬನ ತಂಗಿ ಯಂಕಮ್ಮನ ಗಂಡ. ರಸ್ತೆ ಕೆಲಸದ ಗ್ಯಾಂಗ್‌ಮನ್ ಆಗಿದ್ದ. ರಜೆ ಬಂತೆಂದರೆ ಸೈಕಲ್ಲಿಗೆ ಬುತ್ತಿ ಕಟ್ಟಿ ಹೊರಡುವನು. ಮುದಗಲ್ಲಿನ ಬಂಡೆಗಳ ಸಂದು, ಲಿಂಗಸುಗೂರು ಕಡೆಯ ಬೋಳು ಹುಲ್ಲುಗಾವಲು, ಸಿಂಧನೂರಿನ ಕೆಳಗೆ ಕಾಲುವೆ ನೀರು ನಿಂತು ಚೌಳಾದ ನೆಲ. ಯಾರಿಗೂ ಬೇಡವಾದ ಜಾಗವೇ ಅವನಿಗೆ ಬೇಕು. ಚೌಳಿನಲ್ಲಿ ಕೆಂಪು ಕಾಲಿನ ಹಕ್ಕಿ ಮೊಟ್ಟೆಯಿಟ್ಟಿದೆ ಎಂದು ಊಟ ಬಿಟ್ಟು ಹೇಳುವನು. ಒಮ್ಮೆ ಮದುವೆಯ ಪಂಕ್ತಿಯಲ್ಲಿ ಕುಳಿತು ಹೇಳಿದ: "ಮಸ್ಕಿ ಆಚಿ ಗುಡ್ಡದಾಗ ಒಂದು ಕಾಡುಹುಂಜ ಐತಿ. ಮೈತುಂಬ ಬಿಳಿ ಚುಕ್ಕಿ. ಒಂದೊಂದು ಕಾಲಿಗೆ ಎರಡೆರಡು ಮುಳ್ಳು."

"ಊರಾಗಿನ ಹುಂಜಕ್ಕ ಕಾಲಿಗೆ ಒಂದ ಮುಳ್ಳು. ನಿಂದಕ್ಕ ಎರಡ್ಯಾಕ, ನಾಕು ಅನ್ನು! ಲುಂಗಿ ಉಟ್ಟಿತ್ತೇನು ನಿನ್ನ ಹುಂಜ?" ಎಂದ ವೆಂಕೋಬ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಂದಿನಿಂದ ನೆಂಟರಲ್ಲಿ ಯಾರು ಸುಳ್ಳು ಹೇಳಿದರೂ ಅದು 'ಆದೆಪ್ಪನ ಹುಂಜ'ವಾಯಿತು.

"ಒಂದ್ಸಲ ಬಾರೋ, ತೋರಸ್ತೀನಿ" ಎಂದು ಆದೆಪ್ಪ ವರ್ಷ ವರ್ಷವೂ ಕರೆದ. ಹಸಿರೆಂದರೆ ಕಾಲುವೆಯಿಂದ ಬರುವುದು ಎಂದು ತಿಳಿದಿದ್ದ ವೆಂಕೋಬ, "ಕಲ್ಲು ನೋಡಾಕ ಕಾಲು ಸವಸ್ಲ್ಯಾ?" ಎನ್ನುತ್ತಿದ್ದ. ಹೋದ ಯುಗಾದಿಗೂ ಅದೇ ಜವಾಬು. ಆ ಸಲ ಆದೆಪ್ಪ ನಗಲಿಲ್ಲ. ಅರ್ಧ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಕೈ ತೊಳೆದುಕೊಂಡ.

ಮೂರನೆಯ ದಿನ ಪಾಮನಕಲ್ಲೂರಿನಲ್ಲಿ ಆದೆಪ್ಪನನ್ನು ಹೂತ ಮಣ್ಣಿನ ಮೇಲೆ ಹಾಲೆರೆದು ಎಡೆ ಇಟ್ಟರು. ಜೋಳದ ನುಚ್ಚು, ಪುಂಡಿಪಲ್ಲೆ, ಒಂದು ಕಪ್ ಚಾ. ಕಾಗೆಗಳು ಬಂದು ಜಾಲಿಯ ಮೇಲೆ ಕುಳಿತವು. ಕೆಳಗಿಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ.

"ನಿನ್ನ ಸೈಕಲ್ ಮಾರೂದಿಲ್ಲಪಾ" ಎಂದಳು ಭಾರತಿ. ಕಾಗೆ ಕದಲಲಿಲ್ಲ.

"ಗುಡ್ಡ ತಿರುಗಿ ಬಂದೀ ಅಂತ ನಾ ಬೈತಿದ್ದೆನಲ್ಲ, ಅದನ್ನ ಮನಸಿನ್ಯಾಗ ಇಟಗೋಬ್ಯಾಡ" ಎಂದು ಯಂಕಮ್ಮ ಅತ್ತಳು. ಆಗಲೂ ಇಲ್ಲ.

ಬಿಸಿಲು ನೆತ್ತಿಗೆ ಬಂತು. ಯಂಕಮ್ಮ ಅಣ್ಣನ ಮುಖ ನೋಡಿದಳು. ವೆಂಕೋಬ ಎದ್ದು ಎಡೆಯ ನುಚ್ಚನ್ನು ಮುತ್ತಲದ ಎಲೆಗೆ ಹಾಕಿಕೊಂಡ. "ಆ ಗುಡ್ಡ ಯಾವುದವ್ವಾ, ನನಗ ತೋರಸು" ಎಂದ ಭಾರತಿಗೆ.

ಗುಡ್ಡ ಹತ್ತುವಾಗ ಮೂರು ಕಡೆ ಕೂತ. ಕೆಳಗಿನಿಂದ ಬರಿಯ ಕಲ್ಲಿನ ರಾಶಿ. ಒಳಗೆ ಹೊಕ್ಕರೆ ಬಂಡೆ ಬಂಡೆಯ ನಡುವೆ ಓಣಿ, ಓಣಿಯಲ್ಲಿ ಬಾವಿಯ ತಂಪು. ಕವಳಿಯ ಮುಳ್ಳುಗಿಡಗಳು ತೋಳು ಗೀರಿದವು. ಮಳೆ ನಿಂತು ನಾಲ್ಕು ತಿಂಗಳಾಗಿದ್ದರೂ ಒಂದು ಕಲ್ಲಿನ ದೊಣೆಯಲ್ಲಿ ಮೊಣಕಾಲುದ್ದ ನೀರು, ನೀರಿನಲ್ಲಿ ಸಣ್ಣ ಕಪ್ಪೆಗಳು. ಯಾವ ಕಾಲುವೆಯೂ ಇಲ್ಲಿಗೆ ಬಂದಿರಲಿಲ್ಲ.

"ಅಪ್ಪ ಇಲ್ಲೇ ಕುಂದರ್ತಿದ್ದ" ಎಂದಳು ಭಾರತಿ. ಒಂದು ಕಲ್ಲು ಕುಳಿತು ಕುಳಿತು ನುಣುಪಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಚಪ್ಪಟೆ ಕಲ್ಲನ್ನು ಎಲ್ಲಿಂದಲೋ ಉರುಳಿಸಿ ತಂದು ಹಾಕಿದ್ದ.

"ಇದು ಯಾರಿಗೆ?"

"ನಿನಗ, ಮಾವ. ಮಾವಗ ಮಣಕಾಲು ನೋವದ, ಕೆಳಗ ಕುಂದರಾಕ ಆಗೂದಿಲ್ಲ ಅಂತಿದ್ದ."

ವೆಂಕೋಬ ಎಲೆಯನ್ನು ದೊಣೆಯ ಅಂಚಿಗಿಟ್ಟು ಬಂದು ಆ ಕಲ್ಲಿನ ಮೇಲೆ ಕುಳಿತ. ಬಹಳ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಕವಳಿಯ ಬುಡದಿಂದ ಒಂದು ತಲೆ ಹೊರಬಂತು. ಕಂದು ಮೈ, ಮೈತುಂಬ ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆ. ಹುಂಜ ನಾಲ್ಕು ಹೆಜ್ಜೆ ಇಟ್ಟಿತು, ನಿಂತಿತು, ನುಚ್ಚಿಗೆ ಕೊಕ್ಕು ಹಾಕಿತು.

"ಕಾಲು ನೋಡು ಮಾವ" ಎಂದು ಭಾರತಿ ಪಿಸುಗುಟ್ಟಿದಳು.

ಅವನು ಕಣ್ಣು ಕಿರಿದು ಮಾಡಿ ನೋಡಿದ. ಮಂಜಾದ ಕಣ್ಣು, ಅದರಲ್ಲಿ ಈಗ ನೀರು ಬೇರೆ.

"ನನಗ ಕಾಣವಲ್ದವ್ವಾ."

"ನನಗ ಕಾಣಾಕತ್ತಾವ. ಎಷ್ಟದಾವ ಹೇಳ್ಲ್ಯಾ?"

"ಬ್ಯಾಡ. ನಿಮ್ಮಪ್ಪ ಹೇಳ್ಯಾನ. ಎರಡು."

ಹುಂಜ ತಿನ್ನುತ್ತಲೇ ಇತ್ತು. ವೆಂಕೋಬ ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು ದೇವರಿಗೆ ಕೈ ಮುಗಿದ.

"ಮಲ್ಲಯ್ಯಾ, ಯಾರೂ ಬ್ಯಾಡಂದ ಜಾಗದಾಗ ನೀ ಇಟ್ಟದ್ದನ್ನ ಕಂಡು ಹಿಗ್ಗಿದ ಜೀವ ಇದು. ನಕ್ಕ ಪಾಪ ನನಗಿರಲಿ, ಅವನ ದಾರಿಗೆ ಅಡ್ಡ ಬರದಿರಲಿ. ಕಾಗಿ ಆಗಲಿ, ಹುಂಜ ಆಗಲಿ, ಕಳಿಸಿದಾಂವ ನೀನ. ನಮ್ಮ ಆದೆಪ್ಪಗ ನಿನ್ನ ಪಾದದ ನೆರಳು ಕೊಡು, ತಂದಿ. ಅವನಿಗೆ ಶಾಂತಿ ಕೊಡು."