ನಳದ ನೀರು ನಿಲ್ಲಿಸಿದ ಹುಡುಗಿ

ಪುಣೆಯ ಶುಕ್ರವಾರ ಪೇಠೆಯಲ್ಲಿ, ಹಲವು ಸಂಸಾರಗಳ ವಾಡೆಯೊಂದರಲ್ಲಿ ರುದ್ರವ್ವನ ಖಾನಾವಳಿ. ಧಾರವಾಡ, ಬೆಳಗಾವಿ ಕಡೆಯ ಕಾರಕೂನರು ಜೋಳದ ರೊಟ್ಟಿಗಾಗಿ ಎರಡು ಹೊತ್ತು ಅಲ್ಲಿ ಪಂಕ್ತಿ ಕೂಡುತ್ತಿದ್ದರು. ರೇಲ್ವೆಯ ಸಂಕಪ್ಪನೂ ಅವರಲ್ಲೊಬ್ಬ. ಹೆಂಡತಿ ಸತ್ತ ಮನುಷ್ಯ. ಎಂಟು ವರ್ಷದ ಮಗಳು ಗೋದಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಉಣ್ಣುತ್ತಿದ್ದ. ಮಗಳ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ. ಅದನ್ನು ಇಡೀ ವಾಡೆ ಮೆಚ್ಚಿಕೊಂಡಿತ್ತು.

ಅವನದೊಂದು ಚೇಷ್ಟೆಯ ಮಾತಿತ್ತು. ಮೊದಲ ರೊಟ್ಟಿ ತಾಟಿಗೆ ಬಿದ್ದ ಕೂಡಲೇ, "ನೋಡ್ರಿ, ಈಕಿ ಹುಟ್ಟಿ ಅವ್ವನ್ನ ನುಂಗಿದ್ಲು. ಇಲ್ಲಂದ್ರ ನಾ ಯಾಕ ಈ ಖಾನಾವಳಿ ತೊಗಲು ಜಗೀತಿದ್ದೆ?" ಎನ್ನುತ್ತಿದ್ದ. ಪಂಕ್ತಿ ನಗುತ್ತಿತ್ತು. ತನ್ನ ರೊಟ್ಟಿಯನ್ನು ತೊಗಲು ಎಂದದ್ದಕ್ಕೆ ರುದ್ರವ್ವ ಹುಸಿಮುನಿಸು ತೋರಿ ತಾನೂ ನಗುತ್ತಿದ್ದಳು. ಗೋದಾ ಪಂಕ್ತಿಗೆ ಬಂದಾಗಿನಿಂದ ಹೀಗೆ ಎರಡು ವರ್ಷ ನಕ್ಕಳು. ಗೋದಾಳೂ ನಗುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ.

ಹುಡುಗಿ ಭಾಳ ಶಾಣ್ಯಾ ಎಂದು ಹೆಸರಾಗಿತ್ತು. ಬೆಕ್ಕು ಹಾಲು ಕುಡಿದರೆ ತಾನೇ ಬಂದು ತಪ್ಪು ಒಪ್ಪಿಕೊಳ್ಳುವಳು. ಹಪ್ಪಳ ಮಳೆಗೆ ನೆನೆದರೂ ಹಾಗೇ. ವಾಡೆಯ ತಾಯಂದಿರು ಅವಳನ್ನು ತೋರಿಸಿ ತಮ್ಮ ಮಕ್ಕಳನ್ನು ಬೈಯುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ನಳದ ನೀರು ನಿಂತಿತು. ರುದ್ರವ್ವ ಖಾಲಿ ಕೊಡ ಹಿಡಿದು ನಿಂತಿದ್ದಾಗ ಗೋದಾ ಬಂದಳು.

"ಆಯಿ, ನನ್ನಿಂದ ತಪ್ಪಾತು."

"ಏನ್ ಮಾಡಿದಿ?"

"ನೀರು ನಿಂತಾವು."

"ನೀ ನಿಲ್ಲಿಸಿದೇನು?"

"ಗೊತ್ತಿಲ್ಲ ಆಯಿ. ನಿನ್ನೆ ನಳಾ ಮುಟ್ಟಿದ್ದೆ."

ರುದ್ರವ್ವ ಮೂರು ಹೆತ್ತವಳು, ಮತ್ತೊಬ್ಬರ ಹತ್ತಾರು ಬಾಣಂತನ ಮಾಡಿದವಳು. ಬಾಸುಂಡೆ ಎದ್ದ ಬೆನ್ನು ಅವಳಿಗೆ ಗೊತ್ತಿತ್ತು, ಅದಕ್ಕೆ ಎಣ್ಣೆ ಹಚ್ಚುವುದೂ ಗೊತ್ತಿತ್ತು. ಇಡೀ ಪೇಠೆಯ ನಳ ನಿಂತದ್ದಕ್ಕೆ ಹೊಣೆ ಹೊರುವ ಮಗುವನ್ನು ಮಾತ್ರ ಕಂಡಿರಲಿಲ್ಲ. ಇದನ್ನು ಯಾರೋ ಕಲಿಸಿದ್ದಾರೆ. ದಿನಕ್ಕೆರಡು ಸಲ, ತಾನು ಬಡಿಸುತ್ತಿರುವಾಗಲೇ ಕಲಿಸಿದ್ದಾರೆ ಎಂದು ಅವಳಿಗೆ ಹೊಳೆಯಿತು. ಕೊಡ ಕೆಳಗಿಟ್ಟಳು.

"ನೀರು ನಿಲ್ಲಿಸೋ ಶಕ್ತಿ ನಿನಗಿದ್ರ, ನಿನ್ನ ಗುಡಿಯೊಳಗ ಕೂಡಸ್ತಿದ್ವಿ."

ಗೋದಾ ನಗಲಿಲ್ಲ.

ಸಂಜೆ ಪಂಕ್ತಿಯಲ್ಲಿ ಸಂಕಪ್ಪ ತನ್ನ ಎಂದಿನ ಚೇಷ್ಟೆಯ ಮಾತು ಆಡಿದ. ಅಂಗಡಿ ಗುಮಾಸ್ತ ಕಾಡಪ್ಪ ರೂಢಿಯಂತೆ ಮೊದಲು ನಕ್ಕ. ರುದ್ರವ್ವ ರೊಟ್ಟಿ ಬುಟ್ಟಿ ಹಿಡಿದು ನಿಂತೇಬಿಟ್ಟಳು. ಅವಳು ನಿಂತರೆ ಪಂಕ್ತಿಯೂ ನಿಲ್ಲಬೇಕು.

"ಇನ್ನೊಮ್ಮೆ ಹೇಳ್ರಿ ಸಂಕಪ್ಪಣ್ಣಾ."

ಹೇಳಿದ. ಅರ್ಧದಷ್ಟು ಜನ ನಕ್ಕರು.

"ಇನ್ನೊಮ್ಮೆ."

"ಯಾಕ್ರಿ ಅಕ್ಕಾರ, ಕಿವಿ ಮಂದ ಆಗ್ಯಾವೇನು?"

"ಇಷ್ಟು ದಿನಾ ಮಂದ ಇದ್ವು. ಇವತ್ತ ಕೇಳಾಕತ್ತಾವ. ಹೇಳ್ರಿ."

ಮೂರನೆಯ ಸಲ ಯಾರೂ ನಗಲಿಲ್ಲ. ಗೋದಾ ಒಬ್ಬಳು ನಕ್ಕಳು, ಅಪ್ಪನಿಗೆ ಅವಮಾನವಾಗಬಾರದೆಂದು.

"ಈಕಿ ಹುಟ್ಟಿದ ವರ್ಷ ಜ್ವರ ಬಂದು ಈ ಓಣಿಯಿಂದ ಹನ್ನೊಂದು ಹೆಣಾ ಹೋದ್ವು," ಎಂದಳು ರುದ್ರವ್ವ. "ಹನ್ನೊಂದೂ ಈಕೀನ ನುಂಗಿದ್ಲೇನು? ನಿಮ್ಮ ಮನಿಗೆ ಬಂದದ್ದೂ ಅದ ಜ್ವರ. ನಿಮ್ಮ ಹೇಣ್ತಿ ಮೈ ತೊಳದಾಕಿ ನಾನು."

"ಚೇಷ್ಟಿಗೆ ಅಂದೆ ಬಿಡ್ರಿ. ಆಕಿಗೆ ಒಂದು ಏಟು ಹಾಕಿಲ್ಲ ನಾ."

"ಏಟು ಹಾಕಿದ್ರ ಎಣ್ಣಿ ಹಚ್ಚತಿದ್ದೆ. ಇದಕ್ಕ ನನ್ನ ಹತ್ರ ಎಣ್ಣಿ ಇಲ್ಲ. ಈ ಮಾತು ಇನ್ನ ಮ್ಯಾಲೆ ಇಲ್ಲಿ ಆಡಂಗಿಲ್ಲ. ಬೇಕಾದ್ರ ಬ್ಯಾರೆ ಖಾನಾವಳಿ ನೋಡಕೋರಿ. ಹುಡುಗಿ ಇಲ್ಲೇ ಉಣ್ಣತಾಳ."

ಸಂಕಪ್ಪ ಅರ್ಧ ಊಟದಲ್ಲಿ ಎದ್ದು ಹೋದ. ಮೂರು ದಿನ ಮರಾಠಿ ಖಾನಾವಳಿಯಲ್ಲಿ ಚಪಾತಿ ತಿಂದ. ಗೋದಾ ಒಬ್ಬಳೇ ಬಂದು ಉಂಡು, ಅಪ್ಪ ಬಾರದ್ದೂ ತನ್ನ ತಪ್ಪೇ ಎಂದು ಹೇಳಿ ಹೋಗುತ್ತಿದ್ದಳು.

"ಆ ತಪ್ಪು ನಂದು," ಎನ್ನುವಳು ರುದ್ರವ್ವ. "ನಂದು ನನಗ ಬಿಡು."

ನಾಲ್ಕನೆಯ ದಿನ ಸಂಕಪ್ಪ ಬಂದು ತನ್ನ ಜಾಗದಲ್ಲಿ ಕೂತ. ಮೊದಲ ರೊಟ್ಟಿ ಬಿತ್ತು. ಎಲ್ಲರೂ ತಲೆ ತಗ್ಗಿಸಿದರು. ಅವನು ಬಾಯಿ ತೆರೆಯಲಿಲ್ಲ. ತೆರೆದವಳು ಗೋದಾ.

"ಅಪ್ಪಾ, ಅವ್ವಗ ಜ್ವರ ಬಂದಾಗ ನಾ ಎಲ್ಲಿದ್ದೆ?"

ಸಂಕಪ್ಪ ಮುರಿದ ರೊಟ್ಟಿಯನ್ನು ತಾಟಿಗಿಟ್ಟ. "ತೊಟ್ಟಲದಾಗ."

"ಏನ್ ಮಾಡ್ತಿದ್ದೆ?"

ಸಂಕಪ್ಪ ಮಗಳ ಕಡೆ ತಿರುಗಿದ. "ಮಲಗಿದ್ದಿ," ಎಂದ.

"ಅಷ್ಟ?"

"ಅಷ್ಟ."

ಗೋದಾ ತನ್ನ ತಾಟು ನೋಡಿಕೊಂಡಳು. ಆಮೇಲೆ ತಲೆಯೆತ್ತಿ, "ಆಯಿ, ಎಲ್ಲಾರಿಗೂ ಪಲ್ಯಾ ಬಡಿಸಿದಿ, ನನಗ ಬಡಿಸೇ ಇಲ್ಲ," ಎಂದು ತನ್ನ ಜೀವಮಾನದ ಮೊದಲ ತಕರಾರು ತೆಗೆದಳು.

ನಿಜಕ್ಕೂ ಬಡಿಸಿರಲಿಲ್ಲ. ರುದ್ರವ್ವ ಪಲ್ಯ ತರಲು ಒಳಗೆ ಹೋದಳು.