ನಕ್ಷತ್ರ ಮಾವ ತಿದ್ದಿದ ಆಹ್ವಾನ

ನನ್ನ ಗಂಡ ಅಚ್ಚುಮನೆಯಲ್ಲಿ ಕರಡು ತಿದ್ದುವವರು. ಪಠ್ಯಪುಸ್ತಕ, ಮದುವೆ ಕಾಗದ, ಔಷಧಿ ಡಬ್ಬಿಯೊಳಗಿನ ಚೀಟಿ, ಯಾವುದೇ ಇರಲಿ, ಅವರ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಆಚೆ ಹೋಗುವುದಿಲ್ಲ. ಅದಕ್ಕೆ ಅವರ ಕಸುಬಿನಲ್ಲಿ ಒಂದು ಉಪಾಯವಿದೆ. ಪುಟವನ್ನು ಕೊನೆಯಿಂದ ಮೊದಲಿಗೆ, ಒಂದೊಂದೇ ಪದವಾಗಿ ನೋಡುತ್ತಾ ಬರುತ್ತಾರೆ. ಮೊದಲಿನಿಂದ ಓದಿದರೆ ಅರ್ಥ ಕೈಹಿಡಿದು ಎಳೆದುಕೊಂಡು ಹೋಗಿಬಿಡುತ್ತದಂತೆ, ತಪ್ಪು ಕಾಣುವುದಿಲ್ಲವಂತೆ. ಹಿಂದಿನಿಂದ ಬಂದರೆ ಅರ್ಥದ ಕಾಟವಿಲ್ಲ.

ಆ ವಿದ್ಯೆ ಅಚ್ಚುಮನೆಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಬಳಗದವರೆಲ್ಲ ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡರು. ಅಲ್ಲಿ ಯಾರು ಏನೇ ಬರೆಯಲಿ, ಸ್ವಲ್ಪ ಹೊತ್ತಿಗೆ ಇವರ ಉತ್ತರ ಬರುತ್ತಿತ್ತು: ಒಂದು ನಕ್ಷತ್ರದ ಗುರುತು, ಪಕ್ಕದಲ್ಲಿ ಸರಿಯಾದ ಪದ. ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಮಂಡಿ ಒಡೆದುಕೊಂಡ ಸುದ್ದಿಗೂ ನಕ್ಷತ್ರ. ಚಿಕ್ಕಮ್ಮನಿಗೆ ಮೊಮ್ಮಗು ಹುಟ್ಟಿದ ಸುದ್ದಿಗೂ ನಕ್ಷತ್ರ. ಬಳಗದ ಮಕ್ಕಳು ಇವರಿಗೆ ನಕ್ಷತ್ರ ಮಾವ ಎಂದು ಹೆಸರಿಟ್ಟರು. ಇವರು ಅದನ್ನು ಬಿರುದೆಂದೇ ತಿಳಿದರು.

"ರೀ, ನೆಂಟರಿಗೆಲ್ಲ ಯಾಕೆ ಮೇಷ್ಟ್ರಾಗ್ತೀರಾ?" ಎಂದು ನಾನು ಪಾತ್ರೆ ಉಜ್ಜುತ್ತಾ ಕೇಳಿದೆ.

"ತಪ್ಪು ಕಂಡೂ ಸುಮ್ನಿದ್ರೆ ಅವರಿಗೆ ಮೋಸ ಮಾಡಿದ ಹಾಗೆ ಕಣೆ. ಯಾರದಾದ್ರೂ ಮುಖಕ್ಕೆ ಮಸಿ ಹತ್ತಿದ್ರೆ ನೀನು ಹೇಳಲ್ವಾ?"

"ಹೇಳ್ತೀನಿ. ಕಿವೀಲಿ ಹೇಳ್ತೀನಿ. ಚಪ್ಪಾಳೆ ತಟ್ಟಿ ಊರನ್ನ ಕರೆಯಲ್ಲ."

ಬರಬರುತ್ತಾ ಗ್ರೂಪಿನಲ್ಲಿ ಬರೆಯುವವರೇ ಇಲ್ಲವಾದರು. ಎಲ್ಲದಕ್ಕೂ ಹೆಬ್ಬೆರಳಿನ ಚಿತ್ರ, ಹೂವಿನ ಚಿತ್ರ, ಕೈಮುಗಿದ ಚಿತ್ರ. "ನೋಡು, ಎಷ್ಟು ದಿನ ಆಯ್ತು, ಒಂದೂ ತಪ್ಪಿಲ್ಲ!" ಎಂದು ಇವರು ಹಿಗ್ಗಿದರು.

ಹೀಗಿರುವಾಗ ನನ್ನ ನಾದಿನಿ ಬರೆದಳು. ಇವರಿಗೆ ಒಬ್ಬಳೇ ತಂಗಿ. ಮಾವನವರು ಹೋದ ಮೇಲೆ ಅವಳಿಗೆ ಅಪ್ಪ ಅಂದರೂ ಇವರೇ, ಅಣ್ಣ ಅಂದರೂ ಇವರೇ. ವರ್ಷಗಟ್ಟಲೆ ಇನ್ನೊಬ್ಬರ ಅಂಗಡಿಯಲ್ಲಿ ಬಟ್ಟೆ ಹೊಲಿದವಳು ಈಗ ಸ್ವಂತ ಅಂಗಡಿ ತೆರೆಯುತ್ತಿದ್ದಳು. ಭಾನುವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಬರಬೇಕು, ಬೀಗ ತೆಗೆಯಲು ನಮ್ಮಣ್ಣನೇ ಆಗಬೇಕು, ಅವನು ಬರುವ ತನಕ ಕದ ಮುಟ್ಟುವುದಿಲ್ಲ ಎಂದು ಬರೆದಿದ್ದಳು.

ಇವರಿಂದ ಸಾಲುಸಾಲು ನಕ್ಷತ್ರ ಹೋಯಿತು. ಅವಳು "ಸರಿ ಅಣ್ಣ" ಎಂದು, ತಿದ್ದಿದ್ದನ್ನೆಲ್ಲ ಸೇರಿಸಿ ಮತ್ತೆ ಬರೆದು ಹಾಕಿದಳು. ಬಳಗದವರು ಹೆಬ್ಬೆರಳು ಎತ್ತಿದರು. ಅವಳು ನನಗೆ ಫೋನು ಮಾಡಿ, "ಅತ್ತಿಗೆ, ಅಣ್ಣ ಒಂದೊಂದು ಅಕ್ಷರಾನೂ ನೋಡಿದಾನೆ. ಅಂದ್ಮೇಲೆ ಒಪ್ಪಿದ ಹಾಗೇ ಅಲ್ವಾ?" ಎಂದಳು. ಅವಳ ದನಿಯಲ್ಲಿದ್ದ ಸಂಭ್ರಮ ಕೇಳಿ ನನಗೂ ಹೊಟ್ಟೆ ತುಂಬಿತು.

ಭಾನುವಾರ ಊಟ ಮುಗಿಸಿ, ಅಡುಗೆಮನೆ ಒರೆಸಿ, ಇವರ ಬಿಳಿ ಅಂಗಿ ಇಸ್ತ್ರಿ ಮಾಡಿ ತಂದುಕೊಟ್ಟೆ. ಇವರು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಅಂಗಡಿಗೆ. ಬೀಗ ತೆಗೆಯೋದು ನೀವು ತಾನೆ?"

"ಅಂಗಡಿ ಇವತ್ತೇನು? ಯಾವ ಬೀಗ?"

ನಾನು ಇವರ ಮುಖವನ್ನೇ ನೋಡಿದೆ. ತಮಾಷೆಯಲ್ಲ. "ನಿಮ್ಮ ತಂಗಿ ಗ್ರೂಪಲ್ಲಿ ಹಾಕಿದ್ಲಲ್ಲ ರೀ. ನೀವೇ ಕೂತು ತಿದ್ದಿದ್ರಿ."

ಇವರ ಮುಖ ಸಣ್ಣದಾಯಿತು. "ತಿದ್ದಿದ್ದೆ ಕಣೆ," ಎಂದರು. "ಓದಿರ್ಲಿಲ್ಲ."

ಆಮೇಲೆ ಅಂಗಿಯ ಗುಂಡಿ ದಾರಿಯಲ್ಲೇ ಹಾಕಿಕೊಂಡರು. ನಾನು ನಮ್ಮ ಪುಟ್ಟ ಮಗಳನ್ನು ಎತ್ತಿಕೊಂಡು, ನಾದಿನಿ ನನಗೆ ಮೊದಲೇ ತೋರಿಸಿದ್ದ ಶಾಲೆಯ ಹಿಂದಿನ ಬೀದಿಗೆ ಇವರ ಜೊತೆ ಬಂದಾಗ ನಾದಿನಿ ಮುಚ್ಚಿದ ಶಟರಿನ ಮುಂದೆ ನಿಂತಿದ್ದಳು. ಕೈಯಲ್ಲಿ ಬೀಗದಕೈ. ಬೀದಿಯಲ್ಲಿ ಬಾಡಿಗೆ ಕುರ್ಚಿಗಳ ಸಾಲು, ಮೇಜಿನ ಮೇಲೆ ಬಟ್ಟೆ ಮುಚ್ಚಿದ ಶರಬತ್ತಿನ ಪಾತ್ರೆ. ಕುರ್ಚಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನೀನು ಬಂದ್ಯಲ್ಲ, ಸಾಕು ಬಿಡಣ್ಣ," ಎಂದಳು. ಆದರೆ ಕಣ್ಣು ಬೀದಿಯ ತಿರುವಿನಲ್ಲೇ ಇತ್ತು. "ನನ್ನ ಮೇಲೆ ಎಲ್ಲರಿಗೂ ಏನೋ ಸಿಟ್ಟಿರ್ಬೇಕು. ಇವಳೇನು ಮಹಾ ಅಂಗಡಿ ಹಾಕಿದಾಳೆ ಅಂತ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಚಿಕ್ಕಮ್ಮ. ಮಗಳು ಸೊಂಟದ ಮೇಲಿದ್ದುದರಿಂದ ಸ್ಪೀಕರಿಗೆ ಹಾಕಿದೆ.

"ಎಲ್ಲಮ್ಮ ಇದೆ ಆ ಅಂಗಡಿ? ನಾವೆಲ್ಲ ಬಸ್ ನಿಲ್ದಾಣದ ಹತ್ರ ಬಂದು ಮೂರ್ಖರ ಹಾಗೆ ನಿಂತಿದೀವಿ. ಅವಳು ಮೊದಲು ನೋಡಿದ ಮಳಿಗೆ ಇದೇ ತಾನೆ? ಇಲ್ಲಿ ನೋಡಿದ್ರೆ ಯಾರೋ ಚಪ್ಪಲಿ ಮಾರ್ತಿದಾರೆ. ಅವಳ ಫೋನು ಬೇರೆ ಎತ್ತಲ್ಲ."

ನಾದಿನಿ ಹಣೆ ಚಚ್ಚಿಕೊಂಡಳು. ಬೆಳಿಗ್ಗೆ ಒಳಗೆ ಅಣಿ ಮಾಡಿ ಬೀಗ ಹಾಕುವಾಗ ಮರೆತ ಅವಳ ಫೋನು ಶಟರಿನ ಒಳಗೆ, ಹೊಲಿಗೆ ಯಂತ್ರದ ಮೇಲಿತ್ತು.

"ಆಹ್ವಾನದಲ್ಲಿ ಜಾಗ ಬರೆದಿರ್ಲಿಲ್ವಾ ಚಿಕ್ಕಮ್ಮ?" ಎಂದೆ.

"ಎಲ್ಲಿ ಬರೆದಿದ್ಲು? ಅಕ್ಷರ ಮಾತ್ರ ಮುತ್ತಿನ ಹಾಗಿತ್ತು."

"ಗ್ರೂಪಲ್ಲಿ ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಯಾರು ಕೇಳ್ತಾರೆ ತಾಯಿ, ನಿನ್ನ ಗಂಡ ಇರೋವಾಗ! ನಿಮ್ಮ ದೊಡ್ಡಪ್ಪ ಕೇಳ್ತೀನಿ ಅಂತ ಅರ್ಧ ಬರೆದು, ಎಲ್ಲಿ ತಪ್ಪಾಗುತ್ತೋ ಅಂತ ಅಳಿಸಿಬಿಟ್ರು. ಈ ವಯಸ್ಸಲ್ಲಿ ನಕ್ಷತ್ರ ಯಾಕೆ ಬೇಕು ಅಂತ."

ಇವರು ಶಟರಿನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಬರೆದಿರೋದ್ರಲ್ಲಿ ತಪ್ಪು ಹುಡುಕೋದು ನನ್ನ ಕೆಲಸ," ಎಂದರು ಮೆಲ್ಲಗೆ. "ಬರೀದೇ ಬಿಟ್ಟಿದ್ದು ನಂಗೆ ಹೇಗೆ ಕಾಣ್ಬೇಕು?"

ಮಗಳು ನನ್ನ ಸೊಂಟದ ಮೇಲಿಂದಲೇ, "ಅಪ್ಪ, ನೀನೇ ಬರಿ," ಎಂದಳು.

ಇವರು ಫೋನು ತೆಗೆದರು. ಬೀದಿಯ ವಿಳಾಸ ಬರೆದರು, ಅಳಿಸಿದರು, ಮತ್ತೆ ಬರೆದರು. ಒಂದು ಅಲ್ಪವಿರಾಮದ ಹತ್ತಿರ ಬೆರಳು ನಿಂತೇಬಿಟ್ಟಿತು.

"ಅಣ್ಣಾ, ಕಳಿಸೋ! ಅಷ್ಟರಲ್ಲಿ ಅವರು ಚಪ್ಪಲಿ ಕೊಂಡ್ಕೊಂಡು ಮನೆಗೆ ಹೋಗ್ತಾರೆ," ಎಂದು ನಾದಿನಿ ಮೊದಲ ಸಲ ನಕ್ಕಳು.

ಕಣ್ಣು ಮುಚ್ಚಿ ಒತ್ತಿದರು. ಬಳಗ ಸದ್ದು ಮಾಡುತ್ತಾ ತಿರುವಿನಲ್ಲಿ ಬಂದಾಗ ಶರಬತ್ತಿನಲ್ಲಿ ತಂಪು ಉಳಿದಿರಲಿಲ್ಲ. ಇವರು ಬೀಗ ತೆಗೆದರು. ತುಕ್ಕು ಹಿಡಿದ ಶಟರನ್ನು ಅಣ್ಣ ತಂಗಿ ಇಬ್ಬರೂ ಸೇರಿ ಮೇಲೆತ್ತಬೇಕಾಯಿತು. ದೊಡ್ಡಪ್ಪ ಅಲ್ಲೇ ತಮ್ಮ ಪೈಜಾಮಕ್ಕೆ ಅಳತೆ ಕೊಟ್ಟರು.

ಮನೆಗೆ ಬರುವಷ್ಟರಲ್ಲಿ ಗ್ರೂಪು ತುಂಬಿ ಹರಿಯುತ್ತಿತ್ತು. ದೊಡ್ಡಪ್ಪ ಉದ್ದಕ್ಕೆ ಬರೆದಿದ್ದರು, ಉಸಿರು ಬಿಡಲೂ ಜಾಗವಿಲ್ಲದಂತೆ. ಇವರು ಕುರ್ಚಿಯಲ್ಲಿ ಕೂತು ಅದನ್ನು ಮೇಲಿನಿಂದ ಕೆಳಕ್ಕೆ, ತುಟಿ ಅಲ್ಲಾಡಿಸುತ್ತಾ ಓದಿದರು. ಒಂದು ಕಡೆ ನಕ್ಕರು. "ಸಂತೋಷ ದೊಡ್ಡಪ್ಪ" ಎಂದಷ್ಟೇ ಬರೆದು ಫೋನು ಮಗುಚಿಟ್ಟರು. ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಮತ್ತೆ ಕೂತರು. ಮತ್ತೆ ಎದ್ದರು.

ನಾನು ರಾತ್ರಿಯ ಅಕ್ಕಿ ತೊಳೆಯುತ್ತಿದ್ದೆ. ಹಿಂದೆ ಬಂದು ನಿಂತು, ಅಕ್ಕಪಕ್ಕ ನೋಡಿ, ನನ್ನ ಕಿವಿಗೆ ಬಾಯಿಟ್ಟು ದೊಡ್ಡಪ್ಪನ ತಪ್ಪುಗಳನ್ನೆಲ್ಲ ಒಂದೂ ಬಿಡದೆ ಹೇಳಿದರು. ನಾನು ಹೂಂಗುಟ್ಟುತ್ತಾ ಅಕ್ಕಿ ತೊಳೆದೆ. ಮುಗಿದ ಮೇಲೆ ಜ್ವರ ಇಳಿದವರ ಹಾಗೆ ಉಸಿರುಬಿಟ್ಟು, "ಚಿಕ್ಕಮ್ಮಂದು ನಾಳೆ ಹೇಳ್ತೀನಿ," ಎಂದು ಹೊರಟರು.