ಗಾಳಿಗೆ ಹೊಡೆದ ನಲವತ್ತೆರಡು ಡೋಸ್

ಭಾನುವಾರ ಬೆಳಿಗ್ಗೆ ಕೊಚ್ಚಿಯ ಎಡಪ್ಪಳ್ಳಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು ಮಗಳ ಇನ್‌ಹೇಲರನ್ನು ಗಾಳಿಗೆ ಒತ್ತುತ್ತಿದ್ದೆ. ಹದಿನೇಳನೆಯ ಸಲಕ್ಕೆ ಹೆಂಡತಿ ಸುಮಿತ್ರ ಬಂದಳು.

“ಏನ್ರೀ, ಗಾಳಿಗೂ ದಮ್ಮು ಹತ್ತೇತೇನು?”

“ನಾಳೆ ತಿರುವನಂತಪುರದಾಗ ಡಾಕ್ಟರು ಇದರ ಹಿಂದಿನ ನಂಬರ್ ನೋಡ್ತಾರ, ಎಷ್ಟು ಸಲ ಒತ್ತೇವಿ ಅಂತ ಅದರಾಗ ಗೊತ್ತಾಗ್ತದ. ಸುಮ್ನಿರು.”

ನಾಲ್ಕು ವರ್ಷದ ಧನಶ್ರೀಗೆ ಪದೇ ಪದೇ ಉಬ್ಬಸ ಬರುತ್ತಿತ್ತು. ಅಂಥ ಮಕ್ಕಳಿಗೆ ಇನ್‌ಹೇಲರ್ ದಿನವೂ ಕೊಡುವುದು ಮೇಲೋ, ನೆಗಡಿ ಶುರುವಾದಾಗ ಮಾತ್ರ ಕೊಟ್ಟರೆ ಸಾಕೋ ಎಂದು ಅಲ್ಲಿನ ಆಸ್ಪತ್ರೆಯೊಂದು ಅಧ್ಯಯನ ನಡೆಸುತ್ತಿತ್ತು. ಚೀಟಿ ಎತ್ತಿದಂತೆ ನಮ್ಮ ಪಾಲಿಗೆ ಬಂದದ್ದು ‘ದಿನವೂ’. ಬೆಳಿಗ್ಗೆ ಒಂದು, ಸಂಜೆ ಒಂದು. ಅದರಲ್ಲಿ ಸ್ಟೀರಾಯ್ಡ್ ಇದೆ, ಮಗು ಕುಳ್ಳಾಗುತ್ತದೆ ಎಂದು ಯಾರೋ ಹೇಳಿದ ಮೇಲೆ ಮೂರು ವಾರದಿಂದ ನಿಲ್ಲಿಸಿಬಿಟ್ಟಿದ್ದೆವು. ಆಸ್ಪತ್ರೆಯವರು ಕೊಟ್ಟ ಡೈರಿಯಲ್ಲಿ ಮಾತ್ರ ನಾನು ದಿನವೂ ಟಿಕ್ ಹಾಕುತ್ತಲೇ ಇದ್ದೆ. ಬಿ.ಎಸ್ಸಿ. ಪ್ರಾಕ್ಟಿಕಲ್ಲಿನಲ್ಲಿ ಬರಬೇಕಾದ ಉತ್ತರ ನೋಡಿಕೊಂಡು ಬ್ಯುರೆಟ್ಟಿನ ಅಳತೆ ಬರೆದು ಪಳಗಿದ ಕೈ.

“ಅಚ್ಛಾ, ಆರ್ಕಾ ಮರುನ್ನು?” ಅಪ್ಪಾ, ಔಷಧಿ ಯಾರಿಗೆ ಎಂದು ಮಗಳು ಮಲಯಾಳದಲ್ಲಿ ಕೇಳಿದಳು. ಮೂರು ವಾರದ ನಲವತ್ತೆರಡೂ ಮುಗಿಸಿದೆ.

ಮರುದಿನ ಡಾಕ್ಟರ್ ಜಾಯ್ಸ್ ಡೈರಿಯನ್ನೂ ನಂಬರನ್ನೂ ಹೋಲಿಸಿದರು. ಎರಡೂ ತಾಳೆಯಾದವು. ಆಮೇಲೆ ಹಿಂದಿನ ವಾರ ಉಬ್ಬಸ ಬಂದು ಕೊಚ್ಚಿಯ ಕ್ಲಿನಿಕ್ಕಿಗೆ ಓಡಿದ್ದರ ಚೀಟಿ ನೋಡಿದರು.

“ಒಂದು ದಿನವೂ ತಪ್ಪಿಸದೆ ಕೊಟ್ಟಿದ್ದೀರಿ, ಆದರೂ ಉಬ್ಬಸ ಬಂದಿದೆ,” ಎಂದರು ಇಂಗ್ಲಿಷಿನಲ್ಲಿ. “ಇವಳಿಗೆ ಈ ಡೋಸ್ ಸಾಲದು. ಇಮ್ಮಡಿ ಮಾಡೋಣ.”

ಸುಮಿತ್ರ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. “ನೀವ್ ಹೇಳ್ತೀರೋ, ನಾ ಹೇಳ್ಲೋ?”

ಹೇಳಿದೆ. ಬಾಲ್ಕನಿಯನ್ನೂ ಬಿಡಲಿಲ್ಲ.

ಡಾಕ್ಟರ್ ಡೈರಿಯನ್ನು ನನ್ನತ್ತ ತಳ್ಳಿದರು. “ಹಾಗಾದರೆ ಇಮ್ಮಡಿ ಬೇಡ. ಮೊದಲು ಬರೆದುಕೊಟ್ಟಷ್ಟನ್ನೇ ಕೊಟ್ಟು ನೋಡಿ.”

“ಅಧ್ಯಯನದಿಂದ ಇವಳನ್ನು ತೆಗೀತೀರಾ?” ಎಂದು ಕೇಳಿದೆ.

“ಇಲ್ಲ, ಅದೇ ಗುಂಪಿನಲ್ಲಿರುತ್ತಾಳೆ. ದಿನವೂ ಕೊಡಿ ಎಂದರೆ ಮನೆಯಲ್ಲಿ ಎಷ್ಟು ದಿನ ಕೊಡುತ್ತಾರೆ ಅನ್ನುವುದೂ ನಮಗೆ ಗೊತ್ತಾಗಬೇಕು. ಸುಳ್ಳು ಟಿಕ್‌ಗಳ ಮೇಲೆ ಗೀಟು ಎಳೆದು, ಒಂದೊಂದರ ಪಕ್ಕವೂ ಸಹಿ ಮಾಡಿ.”

ನಾನು ಸಹಿ ಮಾಡುತ್ತಾ ಕೂತೆ. ಸುಮಿತ್ರ ಧೈರ್ಯ ಮಾಡಿ ಎತ್ತರದ ಮಾತು ತೆಗೆದಳು. ಡಾಕ್ಟರ್ ಮಗಳನ್ನು ಗೋಡೆಯ ಅಳತೆಪಟ್ಟಿಗೆ ನಿಲ್ಲಿಸಿ ಅಳೆದರು. “ಸ್ವಲ್ಪ ಕಡಿಮೆಯಾಗಬಹುದು. ಒಂದು ಸೆಂಟಿಮೀಟರಿನ ಆಸುಪಾಸು. ಪ್ರತಿ ಸಲ ಅಳೆಯುತ್ತೇವೆ.”

“ಅಂದ್ರ ಎಷ್ಟ್ರೀ?” ಸುಮಿತ್ರ ನನ್ನನ್ನು ಕೇಳಿದಳು.

ಕಿರುಬೆರಳಿನ ಅಗಲ ತೋರಿಸಿದೆ. ಅವಳು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಚೀಲದಿಂದ ಇನ್‌ಹೇಲರ್ ತೆಗೆದಳು.

“ಬಾರವ್ವಾ ಧನೂ, ಬಾಯಿ ತೆಗಿ. ಮುಂಜಾನಿದು ಇನ್ನೂ ಕೊಟ್ಟಿಲ್ಲ.”